ಪರ್ಸಿ ಹೊರುವವರ ಹಾಡಿನಲ್ಲಿ ಅಪ್ಪ

ಶಹಾಬಾದಿನ ನಮ್ಮ ಓಣಿಯಲ್ಲಿ ಪ್ರತಿ ವರ್ಷ ಕಾರ್ಮಿಕರ ದಿನದ ಸಂಜೆ ದುಡಿಮೆಯ ಹಾಡುಗಳನ್ನು ಎಲ್ಲರೂ ಕೂಡಿ ಹಾಡುತ್ತೇವೆ. ವಾಡಿಯಿಂದ ರೈಲು ಹಳಿ ಸರಿಸುತ್ತಿದ್ದವರು ಬರುತ್ತಾರೆ, ಚಿಂಚೋಳಿ ಕಡೆಯಿಂದ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಬರುತ್ತಾರೆ. ಸೇಡಂನವರ ಹಾಡು ಅರ್ಧ ತೆಲುಗಿನಲ್ಲಿರುತ್ತದೆ. ಅರ್ಥವಾಗದ ಆ ಅರ್ಧವನ್ನೇ ನಮ್ಮವರು ಜೋರಾಗಿ ಹಾಡುತ್ತಾರೆ. ಕೂಟ ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಈ ಸಲ ನನಗೊಂದು ಸ್ವಂತ ಆಸೆಯಿತ್ತು.

ನನ್ನ ಅಪ್ಪ ಗಣಿಯಲ್ಲಿ ಪರ್ಸಿ ಕಲ್ಲು ಹೊರುತ್ತಿದ್ದ. ದೊಡ್ಡ ಹಾಸುಗಲ್ಲಿನ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಲಾರಿಯತ್ತ ನಡೆಯುವಾಗ ಒಬ್ಬರು ಸಾಲು ಹೇಳುತ್ತಿದ್ದರು, ಹೊತ್ತವರು "ಹೌದ್ಹೌದು" ಎನ್ನುತ್ತ ಹೆಜ್ಜೆ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ಬುತ್ತಿ ಒಯ್ದ ಒಂದು ಮಧ್ಯಾಹ್ನ ಅಪ್ಪನ ಮೇಲೆ ಕಟ್ಟಿದ ಸಾಲು ಕೇಳಿದ್ದೆ: "ಹುಲಿಯಂಥವ ಬಂದಾನ, ಕಲ್ಲು ಹೂವಾಗ್ಯಾದ." ಕೇಳಿದ್ದೆ ಎಂದೇ ನಂಬಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಾಲ್ಕು ಜನ ಕೂಡುವ ಕಡೆಗೆ ಬರುವುದನ್ನೇ ಬಿಟ್ಟಿದ್ದಳು. "ಅಪ್ಪನ ಹಾಡು ಹಾಡಸ್ತೀನಿ, ಬಾ" ಎಂದು ಒಪ್ಪಿಸಿದ್ದೆ. ಒಂದು ವಾರ ಮೊದಲೇ ಸೀರೆ ಇಸ್ತ್ರಿಗೆ ಕೊಟ್ಟಳು.

ಗಣಿಯಲ್ಲಿ ಕಲ್ಲಿನ ಚೂರು ಹೊರುತ್ತಲೇ ಸಾಲು ಹೇಳುತ್ತಿದ್ದ ದೊಡ್ಡವ್ವ ಹಿಂದಿನ ಓಣಿಯಲ್ಲೇ ಇದ್ದಾಳೆ. ಎರಡು ದಿನ ಮೊದಲು ಹೋಗಿ ನಾನು ಬರೆದುಕೊಂಡಿದ್ದನ್ನು ಓದಿದೆ. ಅವಳು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಯಾರು ಕಟ್ಯಾರ ಇದು?"

"ನೀನೇ ಹಾಡಿದ್ದಿ ದೊಡ್ಡವ್ವಾ. ನಾ ಕೇಳೀನಿ."

"ಹುಲಿ ಅಂತ! ಕಲ್ಲು ಹೊರೋರಿಗೆ ಯಾರರ ಹೊಗಳ್ತಾರೇನ? ಹೊಗಳಿದ್ರ ಎದಿ ಉಬ್ಬಸ್ತಾನ, ಹೆಜ್ಜಿ ತಪ್ತದ, ಕಲ್ಲು ಕಾಲ ಮ್ಯಾಲ. ಚಾಷ್ಟಿ ಮಾಡಿದ್ರ ಸಿಟ್ಟಿಲೆ ಗಟ್ಟಿ ಹಿಡೀತಾನ. ನಿಮ್ಮಪ್ಪ ಭಾಳ ನಿಧಾನ. ಅಂವಗ ನಾ ಹಾಡಿದ್ದು ಇದು, ನೋಡು: 'ಮದಿಮಗ ಬಂದಾನ, ಮೆಲ್ಲಕ ನಡದಾನ. ಮಾವನ ಮನಿ ಕಲ್ಲೇನೋ, ಮುಟ್ಟಾಕ ನಾಚ್ಯಾನ!'"

ಮನೆಗೆ ಬಂದು ಹಳೆಯ ಕಾಗದಗಳನ್ನು ತೆಗೆದೆ. ಹುಲಿಯ ಸಾಲು ಎಂ.ಎ. ಓದುವಾಗ ಬರೆದ ಪ್ರಬಂಧದಲ್ಲಿತ್ತು. ಅದಕ್ಕಿಂತ ಹಿಂದಿನ ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ದುಡಿಯುವವರನ್ನು ಗೌರವಿಸಲು ಹೊರಟ ನಾನೇ ಅದನ್ನು ಕಟ್ಟಿರಬಹುದೇ? ಆದರೂ ಮತ್ತೆ ಹೋಗಿ ದೊಡ್ಡವ್ವನ ಕೈ ಹಿಡಿದೆ. ಇಷ್ಟು ವರ್ಷದ ಮೇಲೆ ಹೊರಗೆ ಬರುವ ಅವ್ವ ಓಣಿಯ ಮಂದಿಯ ಮುಂದೆ ಗಂಡನ ಗೇಲಿ ಕೇಳುವುದು ಬೇಡವಾಗಿತ್ತು.

"ಅವ್ವನ ಸಲುವಾಗಿ, ಇದೊಂದ್ಸಲ ನಂದೇ ಹಾಡು."

"ಆತು ತಗೋ. ಹಾಡು ಹತ್ತಲಿಲ್ಲ ಅಂದ್ರ ನನಗ ಬೈಬ್ಯಾಡ."

ಕಾರ್ಮಿಕರ ದಿನದ ಸಂಜೆ ಅವ್ವ ಮುಂದಿನ ಸಾಲಿನಲ್ಲೇ ಕುಳಿತಳು. ದೊಡ್ಡವ್ವ ಎದ್ದು ಹುಲಿಯನ್ನು ಹಾಡಿದಳು. ಗಣಿಯ ಹಳೆಯ ಮುದುಕರು ಪಾಪ, "ಹೌದ್ಹೌದು" ಎಂದು ಗೊಣಗಿದರು. ಅವರಲ್ಲೊಬ್ಬ ತಡೆಯಲಾರದೆ ಕೂಗಿದ: "ಯಾವ ಹುಲಿ ಯಕ್ಕಾ? ನಮ್ಮ ಖಣ್ಯಾಗ ನಾಯಿ ಬಿಟ್ರ ಏನಿತ್ತು?"

ಮಂದಿ ನಕ್ಕರು. ಅವ್ವ ಮಾತ್ರ ನಗದೆ ನನ್ನತ್ತ ತಿರುಗಿದಳು, ಇದೇನಾ ಹಾಡು ಎಂಬಂತೆ. ದೊಡ್ಡವ್ವನೂ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹಾಡಿಗೆ ಅವ್ವನನ್ನು ಕರೆತಂದಂತಾಗಿತ್ತು. ನಾನು ತಲೆಯಾಡಿಸಿದೆ: ನಿನ್ನದನ್ನೇ ಹಾಡು.

"ಮದಿಮಗ ಬಂದಾನ!"

ಈ ಸಲದ "ಹೌದ್ಹೌದು" ಎಷ್ಟು ಜೋರಾಗಿತ್ತೆಂದರೆ ಪೆಂಡಾಲಿನ ಮೇಲೆ ಕುಳಿತ ಕಾಗೆಗಳು ಎದ್ದು ಹೋದವು. ನಾನು ಅವ್ವನ ಮುಖ ನೋಡಲಿಲ್ಲ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಹೊರಟೇಬಿಟ್ಟಳು ಎಂದುಕೊಂಡೆ. ಸೆರಗು ತಲೆಯ ಮೇಲೆಳೆದುಕೊಂಡು ಅದೇ ಧಾಟಿಯಲ್ಲಿ ಹಾಡು ಎತ್ತಿದಳು:

"ಮೆಲ್ಲಕ ನಡದಾನ, ಖರೆ ಅದ ಯಕ್ಕಾ. ಓಡಿದವರು ಒಡದಾರ, ಅಂವ ಒಂದೂ ಒಡದಿಲ್ಲ!"

"ಹೌದ್ಹೌದು!" ಮುದುಕರು ತೊಡೆ ತಟ್ಟಿದರು. "ಹೌದ್ರಿ, ಒಂದೂ ಕಲ್ಲು ಒಡದಿಲ್ಲ ಅಂವ!"

ದೊಡ್ಡವ್ವ ಸುಮ್ಮನಿರುವವಳೇ? ಮತ್ತೊಂದು ಸಾಲು ಎಸೆದಳು, ಅವ್ವ ಮರಳಿಸಿದಳು. ಚಿಂಚೋಳಿಯ ಹೆಂಗಸರು ಅವ್ವನ ಪಕ್ಷ ಹಿಡಿದರು, ವಾಡಿಯವರು ದೊಡ್ಡವ್ವನದು. ನಾನು ಬರೆದಿಟ್ಟ ಕಾರ್ಯಕ್ರಮದ ಪಟ್ಟಿ ಯಾರಿಗೂ ಬೇಕಾಗಲಿಲ್ಲ.

ಹೊತ್ತು ಮುಳುಗುವಾಗ ಮನೆಯತ್ತ ನಡೆಯುತ್ತ ಅವ್ವನನ್ನು ಕೇಳಿದೆ, ಬೇಜಾರಾಯಿತೇ ಎಂದು.

"ಯಾಕ ಬೇಜಾರ? ಅಂವ ಖಣಿಯಿಂದ ಬಂದು ಅದನ್ನೇ ಹಾಡಿ ತೋರಸ್ತಿದ್ದ, ಸಿಟ್ಟಿಲೆ. ಆ ಸಿಟ್ಟು ನೋಡಿ ನಾ ರೊಟ್ಟಿ ಬಡಿಯೋದು ಬಿಟ್ಟು ನಗ್ತಿದ್ದೆ."

"ಮತ್ತ ನಿನ್ನ ಸಾಲು? ಅಲ್ಲೇ ನಿಂತು ಕಟ್ಟಿದೇನು?"

"ಅಲ್ಲೇ ಎಲ್ಲಿ? ಆವಾಗೇ ಕಟ್ಟಿ ಇಟ್ಟಿದ್ದೆ. ನನಗ ಯಾರು ಖಣಿಗಿ ಕರದಿದ್ರು, ಬಂದು ಜವಾಬು ಕೊಡು ಅಂತ?"