ಟೈಲರಕ್ಕ ನುಂಗಿದ ಕ್ಯಾಮೆರಾ

ನಾಲ್ಕೈದು ಗುಂಡುಸೂಜಿಗಳನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡೇ ಅವರು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನಮ್ಮ ಎದುರುಮನೆಯವರು. ನನ್ನ ಮೊದಲ ಯೂನಿಫಾರ್ಮಿನಿಂದ ಕೆಲಸಕ್ಕೆ ಸೇರಿದ ದಿನದ ರವಿಕೆಯವರೆಗೆ ಎಲ್ಲವನ್ನೂ ಹೊಲಿದವರು. ಬೀದಿಗೆಲ್ಲ ಟೈಲರಕ್ಕ. ಬೆಳಿಗ್ಗೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ಪೂಜೆ ಮುಗಿದೊಡನೆ ಹೊಟ್ಟೆಗೆ ಹೋಗುತ್ತಿದ್ದದ್ದು ಮಂಡಿನೋವಿನ ಮಾತ್ರೆ. ಮಿಷನ್ ತುಳಿದು ತುಳಿದು ಮಂಡಿ ಸವೆದಿತ್ತು.

ರಕ್ತ ಕಡಿಮೆಯಿದೆ ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಒಂದು ಭಾನುವಾರ ನಾನು ಶಿವಮೊಗ್ಗದಿಂದ ಹೋದಾಗ ದನಿ ತಗ್ಗಿಸಿ ಕೇಳಿದರು: “ಮಾರಾಯ್ತಿ, ನೀನು ಓದಿದೋಳು, ಹೇಳು. ಹೊರಕಡೆಗೆ ಹೋದ್ರೆ ಡಾಂಬರಿನ ಹಾಗೆ ಕಪ್ಪಗಿರುತ್ತೆ. ಯಾಕೆ?” ಆಗಲೂ ಬಾಯಲ್ಲಿ ಸೂಜಿಗಳಿದ್ದವೆಂದು ನನ್ನ ನೆನಪು. ಇಂಥ ಮಾತನ್ನು ಸೂಜಿ ಕಚ್ಚಿಕೊಂಡು ಯಾರು ಆಡುತ್ತಾರೆ? ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ನನ್ನ ಉತ್ತರದ ಬಗ್ಗೆ ಮಾತ್ರ ಅನುಮಾನವಿಲ್ಲ, ದಿನಚರಿಯಲ್ಲಿದೆ: “ಕಬ್ಬಿಣದ ಮಾತ್ರೆಗೆ ಹಾಗೇ ಆಗುತ್ತೆ ಅಕ್ಕ. ಡಾಕ್ಟರ್‌ಗೆ ಹೇಳೋ ಅಂಥದ್ದೇನಲ್ಲ.”

ಎರಡು ತಿಂಗಳಿಗೆ ಬಟ್ಟೆ ಕತ್ತರಿಸುತ್ತಲೇ ಕುಸಿದುಬಿದ್ದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಮೇಲಿನಿಂದಲೂ ಕೆಳಗಿನಿಂದಲೂ ಟ್ಯೂಬ್ ಹಾಕಿ ನೋಡಿದರೂ ಎಲ್ಲಿ ಸೋರುತ್ತಿದೆಯೆಂದು ಸಿಗಲಿಲ್ಲ. ಉಳಿದದ್ದು ನಡುವಿನ ಸಣ್ಣಕರುಳು. ಅದನ್ನು ನೋಡಲು ಕ್ಯಾಮೆರಾ ಇರುವ ಮಾತ್ರೆಯೊಂದನ್ನು ನುಂಗಬೇಕು ಎಂದರು.

“ನಲವತ್ತು ವರ್ಷ ಸೂಜಿ ಕಚ್ಚಿದೀನಿ, ಒಂದೂ ನುಂಗಿಲ್ಲ. ಈಗ ಕ್ಯಾಮೆರಾ ನುಂಗ್ಬೇಕಂತೆ!”

ಆ ಬೆಳಿಗ್ಗೆ ನರ್ಸನ್ನು ಕಾಯಿಸಿ, ಆಸ್ಪತ್ರೆಯ ಮಂಚದ ಮೇಲೆಯೇ ಲಿಂಗಪೂಜೆ ಮುಗಿಸಿ, ಆಮೇಲೇ ಬಾಯಿ ತೆರೆದರು. ಚಿತ್ರಗಳನ್ನು ಹಿಡಿಯುವ ಬೆಲ್ಟನ್ನು ಸೊಂಟಕ್ಕೆ ಕಟ್ಟಿದಾಗ ಅದರ ಅಂಚು ತಿರುವಿ ನೋಡಿದರು. “ಇದನ್ನ ಹೊಲಿದೋನು ಹೆಂಗಸರ ಸೊಂಟ ನೋಡೇ ಇಲ್ಲ.” ಮತ್ತೆ ಡಾಕ್ಟರಿಗೆ: “ಅಲ್ಲ ಸಾರ್, ಅಷ್ಟು ದೂರ ಹೋಗಿ ಬರೀ ನೋಡ್ಕೊಂಡು ಬರುತ್ತಾ? ಒಂದು ಹೊಲಿಗೆ ಹಾಕಿ ಬರಬಾರದಾ?”

“ಒಳಗೇ ರಕ್ತ ನಿಲ್ಲಿಸೋ ಅಂಥದ್ದನ್ನೂ ಮಾಡೋಕೆ ನೋಡ್ತಿದಾರೆ ಅಮ್ಮ. ಇನ್ನೂ ಪ್ರಯೋಗದಲ್ಲಿದೆ.”

“ಹಾಗಾದ್ರೆ ನಾನೇ ಸ್ವಲ್ಪ ಬೇಗ ಬಂದೆ.”

ಮೂರನೆಯ ದಿನ ಡಾಕ್ಟರು ಪರದೆಯ ಮೇಲೆ ತೋರಿಸಿದರು: ಸಣ್ಣಕರುಳಿನಲ್ಲಿ ಹುಣ್ಣುಗಳು, ಒಂದರಿಂದ ರಕ್ತ ಜಿನುಗುತ್ತಿತ್ತು. ಮಂಡಿನೋವಿನ ಮಾತ್ರೆಯದೇ ಕೆಲಸ ಎಂದರು. ಆಮೇಲೆ ಕೇಳಿದರು: “ಕಪ್ಪಗೆ ಹೋಗ್ತಿದ್ದದ್ದು ಒಳಗೆ ಸೋರಿದ ರಕ್ತವೇ. ಮೊದಲೇ ಯಾಕೆ ಹೇಳ್ಲಿಲ್ಲ? ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರಾ?”

ನಾನು ಪಕ್ಕದಲ್ಲೇ ಕೂತಿದ್ದೆ.

“ಯಾರೂ ಹೇಳಿಲ್ಲ ಸಾರ್,” ಎಂದರು ಟೈಲರಕ್ಕ, ನನ್ನ ಕಡೆ ತಿರುಗದೆ. “ನಾನು ಓದಿಲ್ಲ ನೋಡಿ. ನಾನೇ ಏನೋ ತಿಳ್ಕೊಂಡೆ.”

ನೋವಿನ ಮಾತ್ರೆ ಬಿಟ್ಟ ಮೇಲೆ ಹುಣ್ಣು ವಾಸಿಯಾಯಿತು. ಇನ್ನೂ ಮೂರು ವರ್ಷ ಹೊಲಿದರು. ಕಳೆದ ವರ್ಷ ಹೃದಯಾಘಾತದಿಂದ ಹೋದರು. ನನ್ನ ಮಾತನ್ನು ಅಂದು ನಿಜಕ್ಕೂ ಮರೆತಿದ್ದರೋ, ನನ್ನ ಮಾನ ಉಳಿಸಿದರೋ ಗೊತ್ತಿಲ್ಲ. ಕೇಳಲು ಮೂರು ವರ್ಷವಿತ್ತು. ಹೋದಾಗಲೆಲ್ಲ ಮಂಡಿ ಹೇಗಿದೆ ಎಂದಷ್ಟೇ ಕೇಳಿ, ಎದ್ದು ಬಂದೆ.