ಕಂಪ್ಯೂಟರಿಗೆ ಅಮಾವಾಸ್ಯೆ ಕಲಿಸಿದ್ದು

ಆ ಕಾಲಕ್ಕೆ ನಮ್ಮ ಕಡೆ ಕಂಪ್ಯೂಟರಿಗೆ ಬುದ್ಧಿ ಹೇಳಬಲ್ಲ ಪ್ರೊಫೆಸರ್ ನಾನೊಬ್ಬನೇ. ನನ್ನನ್ನು ಕೇಳದೆ ಸರ್ಕಾರ ನೀರೂ ಕುಡಿಯುತ್ತಿರಲಿಲ್ಲ ಅಂದುಕೊಳ್ಳಿ. ನೇಕಾರರಿಗೆ ಅಗ್ಗದ ನೂಲು ಕೊಡುವ ಯೋಜನೆಯ ಪಟ್ಟಿ ಮಾಡಿದ್ದು ನನ್ನ ಪ್ರೋಗ್ರಾಮೇ. ಸಮೀಕ್ಷೆಯ ದಿನ ಮಗ್ಗ ನಿಂತಿದ್ದರೆ ಆ ಮನೆಯ ಹೆಸರು ತೆಗೆದುಹಾಕು ಅಂತ ಅದಕ್ಕೆ ಅಪ್ಪಣೆ ಕೊಟ್ಟವನೂ ನಾನೇ.

ಪಟ್ಟಿ ಓದಲು ಬನಹಟ್ಟಿಗೆ ಹೋದರೆ, ಅದರಲ್ಲಿ ಒಂದು ಓಣಿಗೆ ಓಣಿಯೇ ಮಾಯ! ಆ ಓಣಿಯ ಜನ ನನ್ನ ಜೀಪನ್ನು ಸುತ್ತುವರಿದರು. ಗಂಗವ್ವ ಎಂಬ ಮುದುಕಿ ಬಣ್ಣ ಹತ್ತಿದ ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಇದು ನೇಕಾರರ ಕೈ ಹೌದೋ ಅಲ್ಲೋ, ಹೇಳ್ರಿ ಸಾಹೇಬ್ರ. ನೂಲು ಬರಲಿಲ್ಲಂದ್ರ ನಾಳಿಂದ ನನ್ನ ಮಗ್ಗ ಬಂದ್."

"ಯವ್ವಾ, ನಮ್ಮವರು ಬಂದ ದಿನ ಮಗ್ಗ ನಿಂತಿತ್ತಲ್ಲ?"

"ಅವತ್ತ ಅಮಾಸಿ! ಅಮಾಸಿಗೆ ನಮ್ಮ ಓಣ್ಯಾಗ ಯಾರೂ ಮಗ್ಗ ಮುಟ್ಟಂಗಿಲ್ಲ. ಇಷ್ಟೂ ಗೊತ್ತಿಲ್ಲದ ಸಾಲಿ ಹೆಂಗ ಕಲಿಸ್ತೀರಿ?"

ಒಬ್ಬ ಜೀಪಿನ ಕೀಲಿ ಕಿತ್ತುಕೊಂಡ. "ಹೆಸರು ಬರೀರಿ, ಆಮ್ಯಾಲ ಹೋಗ್ರಿ."

ಬಾನೆಟ್ ಮೇಲೆ ಪಟ್ಟಿ ಹಾಸಿ, ಇಡೀ ಓಣಿಯ ಹೆಸರು ಬರೆದು, ಒಂದೊಂದಕ್ಕೂ ಸಹಿ ಹಾಕಿದೆ. ಗಂಗವ್ವ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಪಕ್ಕದವನಿಂದ ಎರಡು ಸಲ ಓದಿಸಿದ ಮೇಲೇ ಕೀಲಿ ವಾಪಸ್ ಬಂತು. ವಾಪಸ್ ಹೋದವನೇ, ಅಮಾವಾಸ್ಯೆಯ ದಿನ ಮಗ್ಗ ನಿಂತಿದ್ದರೆ ಹೆಸರು ತೆಗೆಯಬೇಡ ಅಂತ ಪ್ರೋಗ್ರಾಮಿಗೆ ಹೊಸ ಅಪ್ಪಣೆ ಕೊಟ್ಟೆ.

ಕಂಪ್ಯೂಟರಿಗೆ ಪಂಚಾಂಗ ಕಲಿಸಿದ ಮೊದಲ ವಿಜ್ಞಾನಿ ನಾನೇ ಅಂತ ಈಗ ಕ್ಲಾಸಿನಲ್ಲಿ ಹೇಳುತ್ತೇನೆ. ಬನಹಟ್ಟಿಯ ಹುಡುಗರು ಕೂತಿದ್ದರೆ ಮಾತ್ರ ಬೇರೆ ಪಾಠ ತೆಗೆಯುತ್ತೇನೆ.