ಒತ್ತಿಲ್ಲದ ಮೇಷ್ಟ್ರು

ಈ ಮೇಷ್ಟ್ರ ಮುತ್ತಜ್ಜ ಕಲ್ಲು ಕೆತ್ತುವವನು. ದಾರಿಯುದ್ದಕ್ಕೂ ಮೈಲಿಗಲ್ಲು ಕೆತ್ತಿ ನಿಲ್ಲಿಸಿದ ಕೈ ಅದು. ಒಮ್ಮೆ ಒಂದು ಊರಿನ ಹೆಸರಿನಡಿ ಒತ್ತಕ್ಷರ ಬಿಟ್ಟುಹೋಯಿತು. ಸುಣ್ಣದಲ್ಲಿ ಬರೆದು ಮುಚ್ಚಿಬಿಡೋಣ ಅಂತ ಜೊತೆಯವರು ಅಂದರೆ, ಆ ಮುದುಕ ಯಾರ ಮಾತೂ ಕೇಳದೆ ಇನ್ನೊಂದು ಕಲ್ಲು ತರಿಸಿ ಮೊದಲಿಂದ ಕೆತ್ತಿದ. ಅಜ್ಜ ಅದೇ ಉಳಿ ಹಿಡಿದು ಸವೆದ. ಅಪ್ಪ ಉಳಿ ಬಿಟ್ಟು ಕುಂಚ ಹಿಡಿದ, ಅಂಗಡಿಗಳಿಗೆ ಬೋರ್ಡು ಬರೆದ. ಅವನ ಅಕ್ಷರದ ಕೆಳಗೆ ಒತ್ತುಗಳು ಗೊಂಚಲು ಬಿಟ್ಟ ಹಾಗೆ ತೂಗುತ್ತಿದ್ದವು. ಶಾಲೆಯ ಮೆಟ್ಟಿಲು ಹತ್ತದ ನಾನು ನಾಲ್ಕಕ್ಷರ ಕಲಿತದ್ದು ಆ ಬೋರ್ಡುಗಳನ್ನು ಕತ್ತೆತ್ತಿ ನೋಡಿಯೇ. ಹಾಗಾಗಿ ಈ ಮನೆತನದ ಬಗ್ಗೆ ಬರೆಯುವ ಹಕ್ಕು ನನಗಿದೆ.

ಅಂಥ ವಂಶದಲ್ಲಿ ಹುಟ್ಟಿದವರಿಗೆ ಶಾಲೆಯಲ್ಲಿ ಬಿದ್ದ ಹೆಸರು ಒತ್ತಿಲ್ಲದ ಮೇಷ್ಟ್ರು.

ಮೂವತ್ತೊಂದು ವರ್ಷ ಅವರದು ಒಂದನೇ ಕ್ಲಾಸು. ಶಾಲೆ ಶುರುವಾದಾಗ ಮಕ್ಕಳು ಮೊದಲು ಕಲಿಯುವುದು ಅಕ್ಷರವಲ್ಲ. ಬಿಟ್ಟುಹೋದ ಅಮ್ಮ ಸಂಜೆ ಬಂದೇ ಬರುತ್ತಾಳೆ ಅನ್ನುವುದನ್ನು ಕಲಿಯಬೇಕು. ತನ್ನ ಚಪ್ಪಲಿ ಯಾವುದು, ಪಕ್ಕದವನದು ಯಾವುದು ಅಂತ ತಿಳಿಯಬೇಕು. ಕಿರುಬೆರಳೆತ್ತಿ ಕೇಳಿ ಹೊರಗೆ ಹೋಗಬೇಕು, ಬಳಪವನ್ನು ಮೂರೇ ಬೆರಳಲ್ಲಿ ಹಿಡಿಯಬೇಕು. ನಿಂತ ಗೆರೆ, ಮಲಗಿದ ಗೆರೆ, ಅರ್ಧ ಚಂದ್ರ ಕೈಗೆ ಕೂತ ಮೇಲೆ ಸರ, ಮರ, ಅರಸ, ಗರಗಸ. ಎರಡು ಗೆರೆಯ ನಡುವೆ ಹಿಡಿಸುವ ಪದಗಳಷ್ಟೇ. ಒತ್ತಕ್ಷರ ಮುಂದಿನ ಕ್ಲಾಸಿನ ಬಾಬ್ತು. "ಗೆರೆ ದಾಟಬೇಡ" ಅಂತ ಮೇಷ್ಟ್ರು ದಿನಕ್ಕೆ ನೂರು ಸಲ ಹೇಳುತ್ತಿದ್ದರು.

ಹೊಸ ಮಕ್ಕಳು ಮನೆಗೆ ಓಡದಿರಲಿ ಅಂತ ಅರೆಬಾಗಿಲಿಗೆ ಆಯಾ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ನಲವತ್ತು ಮಕ್ಕಳ ಜೊತೆ ಮೇಷ್ಟ್ರೂ ಒಳಗೇ. ಬೋರ್ಡು ಮಕ್ಕಳ ಎತ್ತರಕ್ಕೆ ಹೊಡೆದದ್ದು. ಬಗ್ಗಿ ಬಗ್ಗಿ ಬರೆದು ಅವರ ಬೆನ್ನು ಹಾಗೇ ನಿಂತುಹೋಯಿತು. ಬರಬರುತ್ತ ಮಾತೂ ಬಗ್ಗಿತು. ಜ್ವರ ಬಂದಾಗ ಕಳಿಸಿದ ರಜೆಚೀಟಿಯಲ್ಲಿ "ಮೈ ಬಿಸಿ. ನಾಳೆ ಬರಲಾರೆ" ಅಂತ ಇತ್ತು. ಹುಡುಕಿದರೂ ಒಂದು ಒತ್ತಿಲ್ಲ. ಸ್ಟಾಫ್ ರೂಮಿನವರು ಅದನ್ನು ಕೈಯಿಂದ ಕೈಗೆ ದಾಟಿಸಿ ನಕ್ಕರು, ಆ ಅಡ್ಡಹೆಸರು ಹುಟ್ಟಿತು. ಮನೆಯಲ್ಲೂ ಅನ್ನ ಹಾಕು ಅನ್ನದೆ ಊಟ ಕೊಡು ಅನ್ನುತ್ತಿದ್ದರು. ಹೆಂಡತಿ ಒಂದು ದಿನ ತಟ್ಟೆ ಕುಕ್ಕಿ, "ನಾನೇನು ನಿಮ್ಮ ಒಂದನೇ ಕ್ಲಾಸಾ? ನನ್ನ ಹತ್ರ ಸ್ವಲ್ಪ ಒತ್ತು ಹಾಕಿ ಮಾತಾಡಿ" ಅಂದರು.

ನಾಲ್ಕನೇ ಕ್ಲಾಸು ಕೊಡಿ ಅಂತ ಮೇಷ್ಟ್ರು ವರ್ಷವರ್ಷವೂ ಹೆಡ್‌ಮಾಸ್ಟರನ್ನು ಕೇಳುತ್ತಿದ್ದರು. ನೀವು ಬಿಟ್ಟರೆ ಆ ಅಳುಬುರುಕರನ್ನು ಸುಮ್ಮನಿರಿಸುವವರು ಯಾರಿದ್ದಾರೆ ಅಂತ ಅವರು ಹೊಗಳಿ ಕಳಿಸುತ್ತಿದ್ದರು. ಆ ಹೊಗಳಿಕೆಯೂ ಆಯಾಳ ಚಿಲಕದ ಹಾಗೆ ಹೊರಗಿನಿಂದಲೇ ಬೀಳುತ್ತಿತ್ತು. ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾಲ್ಕನೇ ಕ್ಲಾಸಿನ ಟೀಚರು ಕೆಲಸ ಬಿಟ್ಟರು. ಹೆಡ್‌ಮಾಸ್ಟರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ವಾರ ನೋಡುತ್ತೇನೆ, ಶನಿವಾರ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂರುತ್ತೇನೆ, ಸರಿಬರದಿದ್ದರೆ ಮೂರು ವರ್ಷವೂ ಒಂದನೇ ಕ್ಲಾಸೇ, ಮತ್ತೆ ಕೇಳಬಾರದು ಅಂದರು.

ಸೋಮವಾರ ಮೇಷ್ಟ್ರು ನಾಲ್ಕನೇ ಕ್ಲಾಸಿಗೆ ಹೋದರು. ಚಿಲಕವಿಲ್ಲದ ಬಾಗಿಲು, ಎತ್ತರದ ಬೋರ್ಡು. ಬೆನ್ನು ನೆಟ್ಟಗೆ ಮಾಡಿ ಪಾಠದ ಹೆಸರು ಬರೆದರು. ಮಕ್ಕಳು ಬೋರ್ಡಿನಲ್ಲಿದ್ದದ್ದನ್ನು ಒಕ್ಕೊರಲಿನಿಂದ ಓದಿದರು: "ಕತೆ ಹೊತ ಕಲು."

ಪುಸ್ತಕದಲ್ಲಿದ್ದದ್ದು "ಕತ್ತೆ ಹೊತ್ತ ಕಲ್ಲು". ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಕತ್ತೆಗೆ ಕಾಲೇ ಇಲ್ಲ" ಅಂದಳು.

ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಅಳಿಸಿ ಇನ್ನೊಮ್ಮೆ ಬರೆದರು. ಬೋರ್ಡಿನ ಮೇಲೆ ಗೆರೆಗಳಿರಲಿಲ್ಲ. ಆದರೂ ಕೈ ಅಕ್ಷರದ ಬುಡಕ್ಕೆ ಬಂದದ್ದೇ, ಕೆಳಗೆ ಇಳಿಯಲೊಲ್ಲದೆ ಪಕ್ಕಕ್ಕೆ ಜಾರಿ ಮುಂದಿನ ಅಕ್ಷರಕ್ಕೆ ಹೋಯಿತು. ಮನೆಯಲ್ಲಿ ಕಾಗದದ ಮೇಲೆ ಅರ್ಧ ಪುಸ್ತಕ ಬರೆದು ನೋಡಿದರು, ಒಂದು ಒತ್ತೂ ತಪ್ಪಲಿಲ್ಲ. ಮಕ್ಕಳು ಎದುರಿಗೆ ಕೂತು, ಕೈಯಲ್ಲಿ ಸೀಮೆಸುಣ್ಣ ಇದ್ದರೆ ಮಾತ್ರ ಗೆರೆ ಎಲ್ಲಿಂದಲೋ ಎದ್ದು ಬರುತ್ತಿತ್ತು. ಮಂಗಳವಾರ ಉಪಾಯ ಹೂಡಿ "ಕುದುರೆ ಹೊರುವ ಬಂಡೆ" ಅಂತ ಬರೆದರು. ಪುಸ್ತಕದಲ್ಲಿ ಕತ್ತೆ ಇದೆಯಲ್ಲ ಸಾರ್ ಅಂತ ಅದೇ ಹುಡುಗಿ ಪುಟ ತೆರೆದು ತೋರಿಸಿದಳು. ಗುರುವಾರದ ಹೊತ್ತಿಗೆ ಮಕ್ಕಳಿಗೆ ಅದೊಂದು ಆಟವಾಯಿತು. ಬುತ್ತಿ ಬಿಚ್ಚಿ "ಅನ ತಿನು" ಅನ್ನುತ್ತಿದ್ದರು. ಮೇಷ್ಟ್ರಿಗೆ ತಿರುಗಲೂ ಜಾಗವಿರಲಿಲ್ಲ. ಈ ಕಡೆ ನಲವತ್ತು ಕಣ್ಣು, ಆ ಕಡೆ ಬೋರ್ಡು. ಶುಕ್ರವಾರ ಸಂಜೆ ಕೆಳಗಿನ ಒಂದನೇ ಕ್ಲಾಸಿನ ಕೋಣೆಯ ಮುಂದೆ ಹಾದುಹೋಗುವಾಗ ಆಯಾ, ನಿಮ್ಮ ಕುರ್ಚಿ ಒರೆಸಿಟ್ಟಿದೀನಿ ಅಂತ ಒಳ್ಳೆ ಮನಸ್ಸಿನಿಂದಲೇ ಹೇಳಿದಳು. ಅದು ಚೂರಿಯ ಹಾಗೆ ನಾಟಿತು.

ಪಕ್ಕದ ಐದನೇ ಕ್ಲಾಸಿನ ಟೀಚರು ಮೇಷ್ಟ್ರ ತಂಗಿಯ ಮಗಳು. ಗೋಡೆಯಾಚೆಯ ನಗು ಐದು ದಿನ ಕೇಳಿಸಿಕೊಂಡಿದ್ದಳು. ಶನಿವಾರ ಗಂಟೆ ಹೊಡೆಯುವ ಮುಂಚೆಯೇ ಬಂದು, ಬೋರ್ಡು ಒರೆಸಿ, ಸೀಮೆಸುಣ್ಣ ಹಿಡಿದು ನಿಂತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಮಾವ, ಇಡೀ ಪಾಠ ನಾನು ಬರೆದಿಟ್ಟುಬಿಡ್ತೀನಿ. ನೀವು ಕೋಲು ತೋರಿಸಿ ಓದಿಸಿದ್ರೆ ಆಯ್ತು. ದಿನಾ ಬೆಳಿಗ್ಗೆ ಬಂದು ಬರೆದುಕೊಡ್ತೀನಿ, ಮೂರು ವರ್ಷ ಏನು ಮಹಾ. ಯಾರಿಗೂ ಗೊತ್ತಾಗಲ್ಲ."

"ಕತ್ತೆಗೆ ಗೊತ್ತಾಗುತ್ತೆ."

"ತಮಾಷೆ ಬೇಡ ಮಾವ. ಅವರು ಈಗ ಬರ್ತಾರೆ. ಕೈ ತಡೆದರೆ ಮತ್ತೆ ಆ ಗೂಡಿಗೇ ತಳ್ತಾರೆ ನಿಮ್ಮನ್ನ."

ಮೇಷ್ಟ್ರು ಒಳಗೆ ಬಂದರು. ಹಿಂದಿನ ಬೆಂಚನ್ನು, ಖಾಲಿ ಬೋರ್ಡನ್ನು ನೋಡಿದರು. ಹೊರಗೆ ಹೆಡ್‌ಮಾಸ್ಟರ ಬೂಟಿನ ಸದ್ದು ಮೆಟ್ಟಿಲು ಹತ್ತುತ್ತಿತ್ತು. ಮೇಷ್ಟ್ರು ಕೈ ಚಾಚಿದರು.

"ಬೇಡ ಕಣಮ್ಮ. ಕುಂಟಿದರೂ ಕತ್ತೆ ನನ್ನ ಕೈಯಲ್ಲೇ ಕುಂಟಲಿ. ಆ ಸೀಮೆಸುಣ್ಣ ಇತ್ತ ಕೊಟ್ಟು ನೀನು ನಿನ್ನ ಕ್ಲಾಸಿಗೆ ನಡೆ."